ಟನಲ್ ಅಪ್ ಇದೆ, ಪಿಂಗ್ ಹೋಗುತ್ತಿದೆ, ಬಿಲ್ಲಿಂಗ್ ಮಾತ್ರ ತೆರೆಯುತ್ತಿಲ್ಲ. ಯಾಕೆ?

ಪ್ರಶ್ನೆ: ಬೆಂಗಳೂರಿನ ಆಫೀಸಿಗೂ ಹುಬ್ಬಳ್ಳಿಯ ಗೋದಾಮಿಗೂ ನಡುವೆ ಐಪಿಸೆಕ್ ಟನಲ್ (ಇಂಟರ್ನೆಟ್ ಮೇಲೆ ಎರಡು ನೆಟ್‌ವರ್ಕ್ ಜೋಡಿಸುವ ಗುಪ್ತ ದಾರಿ) ಹಾಕಿದ್ದೇವೆ. ಎರಡೂ ರೂಟರ್ ಅಪ್ ಅಂತ ತೋರಿಸುತ್ತವೆ. ಪಿಂಗ್ ಒಂದೂ ತಪ್ಪುವುದಿಲ್ಲ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಲಾಗಿನ್ ಆದ ಮೇಲೆ ಬರೀ ಬಿಳಿ ಪರದೆ. ಫೈಲ್ ಕಾಪಿ ಶುರುವಾಗಿ ನಿಂತುಬಿಡುತ್ತದೆ. ರೂಟರ್ ಬದಲಿಸಬೇಕಾ?

ಬೇಡ. ದಯವಿಟ್ಟು ದುಡ್ಡು ಖರ್ಚು ಮಾಡಬೇಡಿ. ಊರಿನ ಹೆಸರು ಮಾತ್ರ ಬೇರೆ, ಇದೇ ಪ್ರಶ್ನೆ ವಾರಕ್ಕೊಮ್ಮೆ ಬರುತ್ತದೆ. ಪ್ರತಿ ಸಲ ಎರಡು ಸಾಲು ಬರೆದು ಸಾಕಾಗಿದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಪಿಂಗ್ ಅಂದರೆ "ಇದ್ದೀಯಾ?" ಅಂತ ಕೇಳುವ ಸಂದೇಶ. ಅದು ಹೋಗುವುದಕ್ಕೆ ಕಾರಣ, ಅದು ಚಿಕ್ಕದು. ವಿಂಡೋಸ್ ಕಳಿಸುವ ಪಿಂಗ್‌ನಲ್ಲಿ ಇರುವುದು 32 ಬೈಟ್ ಡೇಟಾ, ಹೆಡರ್ (ವಿಳಾಸ ಬರೆದ ಹೊದಿಕೆ) ಸೇರಿ 60. ಸರ್ವರ್ ಒಂದು ತಿಂಗಳ ಲೆಡ್ಜರ್ ಕಳಿಸುವಾಗ ಪ್ಯಾಕೆಟ್ (ಡೇಟಾದ ಒಂದೊಂದು ಕಟ್ಟು) 1500 ಬೈಟ್ ತುಂಬಿಕೊಂಡು ಹೊರಡುತ್ತದೆ. ಗೋದಾಮಿನ ಗೇಟಲ್ಲಿ ಸೈಕಲ್ ಹೋಯಿತು ಅಂದರೆ ಲಾರಿಯೂ ಹೋಗುತ್ತದೆ ಅಂತ ಅಲ್ವಲ್ಲ! ನಿಮ್ಮ ಲಾಗಿನ್ ಸೈಕಲ್, ಲೆಡ್ಜರ್ ಲಾರಿ.

ಗೇಟು ಕಿರಿದಾಗುವುದು ಟನಲ್‌ನಿಂದಲೇ. ನಿಮ್ಮ ಪ್ಯಾಕೆಟ್‌ನ ಮೇಲೆ ಟನಲ್ ತನ್ನ ಹೆಡರ್ ಸುತ್ತುತ್ತದೆ. ಹೊರಗಿನ ಲೈನು 1500ಕ್ಕಿಂತ ದೊಡ್ಡದನ್ನು ಬಿಡುವುದಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಪಿಪಿಪಿಒಇ ಫೈಬರ್ ಆದರೆ ಇನ್ನೂ 8 ಬೈಟ್ ಕಡಿಮೆ, 1492.

ಇಂಟರ್ನೆಟ್ ಕಟ್ಟಿದವರು ಇದಕ್ಕೆ 1990ರಲ್ಲೇ ದಾರಿ ಮಾಡಿಟ್ಟಿದ್ದಾರೆ. "ಒಡೆಯಬೇಡ" ಅನ್ನುವ ಗುರುತಿರುವ ಪ್ಯಾಕೆಟ್ ದೊಡ್ಡದಾದರೆ ದಾರಿಯಲ್ಲಿರುವ ರೂಟರ್ ಅದನ್ನು ಬಿಸಾಡಿ, ಕಳಿಸಿದವರಿಗೆ ಒಂದು ಚೀಟಿ ಕಳಿಸುತ್ತದೆ: "ದೊಡ್ಡದಾಯಿತು, ಇಷ್ಟಕ್ಕೆ ಇಳಿಸು." ಸರ್ವರ್ ಚೀಟಿ ಓದಿ ಚಿಕ್ಕ ಪ್ಯಾಕೆಟ್ ಕಳಿಸುತ್ತದೆ. ಈ ಚೀಟಿ ಹೋಗುವುದು ಐಸಿಎಂಪಿಯಲ್ಲಿ, ಅಂದರೆ ನೆಟ್‌ವರ್ಕ್ ಸಾಧನಗಳು ತೊಂದರೆ ತಿಳಿಸಿಕೊಳ್ಳುವ ಭಾಷೆಯಲ್ಲಿ. ಪಿಂಗ್ ಕೂಡ ಅದರದೇ.

ನಿಮ್ಮ ಫೈರ್‌ವಾಲ್ ಆ ಚೀಟಿಯನ್ನೇ ಹರಿದು ಹಾಕುತ್ತಿದೆ. ಯಾಕೆಂದರೆ ಯಾರೋ ಹೇಳಿದ್ದಾರೆ, "ಐಸಿಎಂಪಿ ಬ್ಲಾಕ್ ಮಾಡಿದ್ರೆ ಸೇಫ್" ಅಂತ.

ಈ ಒಂದು ಮಾತು ಕೆಡಿಸಿದಷ್ಟು ಟನಲ್‌ಗಳನ್ನು ಬೇರೆ ಯಾವುದೂ ಕೆಡಿಸಿದ್ದನ್ನು ನಾನು ಕಂಡಿಲ್ಲ. ಇದು ಹುಟ್ಟಿದ್ದು ಎಲ್ಲಿಂದ ನೋಡಿ. 1996ರ ಹೊತ್ತಿಗೆ ಅಳತೆ ಮೀರಿದ ಪಿಂಗ್ ಕಳಿಸಿದರೆ ಕೆಲವು ಕಂಪ್ಯೂಟರ್‌ಗಳು ನಿಂತೇ ಹೋಗುತ್ತಿದ್ದವು. ಆಮೇಲೆ ಸ್ಮರ್ಫ್ ಅನ್ನುವ ದಾಳಿ ಬಂತು. ಒಂದು ಪಿಂಗ್‌ಗೆ ಇಡೀ ನೆಟ್‌ವರ್ಕ್ ಉತ್ತರ ಕೊಟ್ಟು, ಪಾಪ ಯಾರದೋ ಲೈನು ಮುಳುಗುತ್ತಿತ್ತು. ಆಗ ಹೆದರಿದ್ದು ಸರಿ. ಆದರೆ ಮೊದಲನೆಯದಕ್ಕೆ ಆಗಲೇ ಪ್ಯಾಚ್ ಬಂತು. ಎರಡನೆಯದಕ್ಕೆ ದಾರಿ ಕೊಡುತ್ತಿದ್ದ ಸೆಟ್ಟಿಂಗ್ ರೂಟರ್‌ಗಳಲ್ಲಿ ಮೊದಲೇ ಆಫ್ ಇರಬೇಕು ಅಂತ 1999ರಲ್ಲೇ ನಿಯಮವಾಯಿತು. ರೋಗ ವಾಸಿಯಾಗಿ ಇಷ್ಟು ವರ್ಷವಾದರೂ ಪಥ್ಯ ಬಿಟ್ಟಿಲ್ಲ.

"ಕಳ್ಳರಿಗೆ ನಾವು ಕಾಣಿಸಲ್ಲ ಅಲ್ವಾ?" ಅಂತ ಕೇಳುತ್ತಾರೆ. ಕಾಣಿಸುತ್ತೀರಿ. ಹುಡುಕುವವರು ಪಿಂಗ್‌ಗೆ ಕಾಯುವುದಿಲ್ಲ, ನೇರವಾಗಿ ಪೋರ್ಟ್ (ಸರ್ವರ್‌ನ ಒಂದೊಂದು ಬಾಗಿಲು) ತಟ್ಟುತ್ತಾರೆ. ನಿಮ್ಮ ವೆಬ್ ಪೋರ್ಟ್ ತೆರೆದಿದ್ದರೆ ಪಿಂಗ್ ಮುಚ್ಚಿ ಏನು ಉಪಯೋಗ?

ಇನ್ನೊಂದು ವಾದ: "ಪಿಂಗ್ ಹೋಗ್ತಿದೆ, ಅಂದ್ರೆ ಐಸಿಎಂಪಿ ಬ್ಲಾಕ್ ಆಗಿಲ್ಲ." ತಪ್ಪು. ಐಸಿಎಂಪಿಯಲ್ಲಿ ಬೇರೆ ಬೇರೆ ನಂಬರಿನ ಟೈಪ್‌ಗಳಿವೆ. ಪಿಂಗ್ ಕೇಳುವುದು ಟೈಪ್ 8, ಉತ್ತರ ಟೈಪ್ 0. ನಮ್ಮ ಚೀಟಿ ಟೈಪ್ 3, ಕೋಡ್ 4. ಪಿಂಗ್‌ಗೆ ಮಾತ್ರ ಅನುಮತಿ ಕೊಟ್ಟು ಮಿಕ್ಕಿದ್ದನ್ನೆಲ್ಲ ಮುಚ್ಚಿದರೆ ಆಗುವುದು ನಿಮಗೆ ಆಗಿರುವುದೇ. ಪಿಂಗ್ ಮುಚ್ಚಲೇಬೇಕು ಅನ್ನಿಸಿದರೆ ಮುಚ್ಚಿ, ನನ್ನ ತಕರಾರಿಲ್ಲ. ಟೈಪ್ 3 ಮಾತ್ರ ಹೋಗಲು ಬಿಡಿ. ಹೊಸ ವಿಳಾಸ ಪದ್ಧತಿಯಾದ ಐಪಿವಿ6ನಲ್ಲಂತೂ ದಾರಿಯ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ. ಅಲ್ಲಿ ಈ ಚೀಟಿ ನಿಂತರೆ ಕೆಲಸವೇ ನಿಂತ ಹಾಗೆ.

ಈಗ ಅಳತೆ. ಹುಬ್ಬಳ್ಳಿಯ ಪಿಸಿಯಿಂದ ಬೆಂಗಳೂರಿನ ಸರ್ವರ್‌ಗೆ "ಒಡೆಯಬೇಡ" ಅನ್ನುವ ಆಯ್ಕೆ ಹಾಕಿ ಪಿಂಗ್ ಮಾಡಿ. ವಿಂಡೋಸ್‌ನಲ್ಲಿ ಅದು ಎಫ್ (-f), ಸೈಜ್ ಕೊಡುವುದು ಎಲ್ (-l). 1472ರಿಂದ ಶುರು ಮಾಡಿ ಇಳಿಸುತ್ತಾ ಬನ್ನಿ. ಉತ್ತರ ಬಂದ ದೊಡ್ಡ ಸಂಖ್ಯೆಗೆ ಹೆಡರ್‌ಗಳ 28 ಸೇರಿಸಿ. ಅದೇ ನಿಮ್ಮ ಟನಲ್‌ನ ಎಂಟಿಯು, ಅಂದರೆ ಅದರಲ್ಲಿ ದಾಟುವ ಅತಿ ದೊಡ್ಡ ಪ್ಯಾಕೆಟ್.

ಒಂದು ಕಡೆ ನಾನು ಹೋದಾಗ ಎಂಟಿಯು 1400 ಅಂತ ಎಲ್ಲಿಂದಲೋ ನೋಡಿ ಹಾಕಿದ್ದರು. ಹೆಚ್ಚಿನ ಕಡೆ ಅದು ನಡೆಯುತ್ತದೆ. ಅಲ್ಲಿ ನಡೆಯಲಿಲ್ಲ. 1371ಕ್ಕೆ ಮೌನ, 1370ಕ್ಕೆ ಉತ್ತರ. ಅಂದರೆ 1398. ಕೂಡಿಸಿ ನೋಡಿದೆವು: 1398ರ ಮೇಲೆ ಒಳಗಿನ ಇನ್ನೊಂದು ಟನಲ್ ಹೊದಿಕೆಯಾದ ಜಿಆರ್‌ಇ 24, ಐಪಿಸೆಕ್ ಕೊನೆಗೆ ಅಂಟಿಸುವ 2, ಐಪಿಸೆಕ್‌ನದೇ ಇಎಸ್‌ಪಿ ಹೆಡರ್ 8, ಗುಪ್ತಲಿಪಿ ಶುರು ಮಾಡಲು ಬೇಕಾದ ಐವಿ 16, ಸಹಿಗೆ 16, ನ್ಯಾಟ್ (ಹಲವು ಪಿಸಿಗೆ ಒಂದೇ ಹೊರ ವಿಳಾಸ ಕೊಡುವ ಏರ್ಪಾಡು) ದಾಟಲು ಯುಡಿಪಿ 8, ಹೊರಗಿನ ಐಪಿ ಹೆಡರ್ 20. ಒಟ್ಟು 1492. ಪಿಪಿಪಿಒಇ ಲೈನಿಗೆ ಕೂದಲೆಳೆಯಷ್ಟೂ ಜಾಗ ಉಳಿದಿರಲಿಲ್ಲ. ಬರೀ ಎರಡು ಬೈಟ್‌ಗೆ ಹದಿನೈದು ದಿನ ಪರದಾಡಿದ್ದರು. ಲೆಕ್ಕ ಹಾಳೆಯ ಮೇಲೆ ಸರಿಹೋದಾಗ ಅಲ್ಲಿದ್ದ ಹುಡುಗನ ಮುಖ ನೋಡಬೇಕಿತ್ತು. ಅವನು ಈಗ ಅಳೆಯದೆ ಟನಲ್ ಹಾಕುವುದಿಲ್ಲ.

ಸಿಕ್ಕ ಸಂಖ್ಯೆಯನ್ನು ಎರಡೂ ಕಡೆ ಟನಲ್ ಇಂಟರ್‌ಫೇಸ್‌ಗೆ ಹಾಕಿ. ಅದರಲ್ಲಿ 40 ಕಳೆದು ಟಿಸಿಪಿ ಎಂಎಸ್‌ಎಸ್ (ಹೆಡರ್ ಬಿಟ್ಟು ಬರೀ ಡೇಟಾದ ಮಿತಿ) ಹಾಕಿ, ಆ 1398ಕ್ಕಾದರೆ 1358. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ಸಾಫ್ಟ್‌ವೇರ್‌ನಲ್ಲಿ ಫೈರ್‌ವಾಲ್ ಝೋನ್‌ನಲ್ಲೇ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅಂತ ಒಂದು ಟಿಕ್ ಇದೆ. ಇದು ಟಿಸಿಪಿಗೆ (ತಲುಪಿತಾ ಅಂತ ನೋಡಿಕೊಂಡು ಕಳಿಸುವ ರೀತಿ) ಮಾತ್ರ ಅನ್ನುವುದು ನೆನಪಿರಲಿ. ಹಾಗೆ ನೋಡದೆ ಕಳಿಸುವ ಯುಡಿಪಿಗೆ ಆ ಚೀಟಿಯೇ ಗತಿ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಎರಡೂ ಕಡೆ 192.168.1 ಸರಣಿಯೇ ಇದೆಯಾ? ಅನೇಕ ಮೋಡೆಮ್‌ಗಳು ಅದನ್ನೇ ಇಟ್ಟುಕೊಂಡು ಬರುತ್ತವೆ. ನಿಮ್ಮಲ್ಲಿ ಪಿಂಗ್ ಹೋಗುತ್ತಿದೆ, ಹಾಗಾಗಿ ಈಗ ಬೇರೆ ಬೇರೆ ಇರಬೇಕು. ಮೂರನೇ ಬ್ರಾಂಚ್ ತೆರೆಯುವಾಗ ಎಚ್ಚರ. ಹುಬ್ಬಳ್ಳಿಯಲ್ಲೂ ಗಾಂಧಿನಗರ ಇದೆ, ಬೆಂಗಳೂರಲ್ಲೂ ಇದೆ. ಊರು ಬರೆಯದೆ "ಗಾಂಧಿನಗರ, 10ನೇ ಮನೆ" ಅಂದರೆ ಪಕ್ಕದ ಬೀದಿಯಲ್ಲೇ ಹುಡುಕುತ್ತಾರೆ. ಪಿಸಿಯೂ ಹಾಗೇ. 192.168.1.10 ನಮ್ಮಲ್ಲೇ ಇದೆ ಅಂದುಕೊಂಡು ಒಳಗೇ ಕೂಗುತ್ತದೆ, ರೂಟರ್ ಕೈಗೆ ಪ್ಯಾಕೆಟ್ ಕೊಡುವುದೇ ಇಲ್ಲ. ಟನಲ್ ಎಷ್ಟು ಚೆನ್ನಾಗಿದ್ದರೂ ಅಲ್ಲಿಗೆ ಏನೂ ತಲುಪುವುದಿಲ್ಲ. ಹೊಸ ಬ್ರಾಂಚ್‌ಗೆ ಮೊದಲ ದಿನವೇ 10.20.3 ತರಹ ಬೇರೆ ಸರಣಿ ಕೊಡಿ. ಹಳೆಯದನ್ನು ಬದಲಿಸಬೇಕಾಗಿ ಬಂದರೆ ಪ್ರಿಂಟರ್ ಕಡಿಮೆ ಇರುವ ಕಡೆಯದನ್ನು ಆರಿಸಿ. ಪಿಸಿಗಳು ಹೊಸ ವಿಳಾಸವನ್ನು ತಾವೇ ತಗೊಳ್ಳುತ್ತವೆ. ಪ್ರಿಂಟರ್‌ಗೆ ಕೈಯಿಂದ ಹಾಕಿದ ವಿಳಾಸವನ್ನು ಮಾತ್ರ ಒಂದೊಂದಾಗಿ ಹೋಗಿ ಬದಲಿಸಬೇಕು.