ವೃದ್ಧಾಶ್ರಮ ಅದಾವಲ್ರಿ, ಮತ್ತ ಎಲ್‌ಜಿಬಿಟಿ ಹಿರಿಯರಿಗೆ ಬ್ಯಾರೆ ಮನಿ ಯಾಕ?

ಪ್ರಶ್ನೆ: ನಾ ಬಾಗಲಕೋಟಿ ಕಡೆಯಾಂವ, ರಿಟೈರ್ಮೆಂಟ್ ಹತ್ರ ಬಂದೈತಿ. ಮದುವಿ ಆಗಿಲ್ಲ. ಭಾಳ ವರ್ಷದಿಂದ ಜೊತಿಗೆ ಒಬ್ಬಾಂವ ಅದಾನ, ಓಣ್ಯಾಗ ಎಲ್ಲಾರ್ಗೂ ದೋಸ್ತ ಅಂತ ಹೇಳೀನಿ. ನಾಳೆ ಇಬ್ಬರ ಕೈಕಾಲೂ ಸೋತ್ರ ವೃದ್ಧಾಶ್ರಮಕ್ಕ ಹೋದ್ರಾತು ಅಂತ ಒಬ್ರು ಹೇಳ್ತಾರ, ನಮ್ಮಂಥವ್ರಿಗಂತ ಬ್ಯಾರೆ ಮನಿ ಆಗಬೇಕು ಅಂತ ಇನ್ನೊಬ್ರು. ಯಾವ್ದು ಖರೆ? ಆದ್ರೂ ಅದರ ಖರ್ಚು ನಮ್ಮಂಥವ್ರಿಗೆ ನೀಗೂದೈತೇನ್ರಿ?

ಉತ್ತರ: ಇದೇ ಪ್ರಶ್ನೆ ಬ್ಯಾರೆ ಬ್ಯಾರೆ ರೀತಿಲೆ ಭಾಳ ಸಲ ಬರತೈತ್ರಿ. ಸೀದಾ ಹೇಳ್ತೀನಿ, ಬರೇ ಎಲ್‌ಜಿಬಿಟಿ, ಅಂದ್ರ ಸಲಿಂಗಿ, ದ್ವಿಲಿಂಗಿ, ಟ್ರಾನ್ಸ್‌ಜೆಂಡರ್ ಮಂದಿಗಂತ ಗ್ವಾಡಿ ಕಟ್ಟಿ ಬೋರ್ಡ್ ಹಾಕೂದು ಬೇಕಾಗಿಲ್ಲ, ಆದ್ರ ಈಗಿನ ವೃದ್ಧಾಶ್ರಮಗೋಳು ಹೆಂಗ ಅದಾವೋ ಹಂಗ ಇದ್ರ ನಿಮಗ ಹೊಂದೂದೂ ಇಲ್ಲ. ಮತ್ತ ದೊಡ್ಡ ತ್ರಾಸ ಬರೂದು ಕಟ್ಟೂ ಮುಂದ ಅಲ್ಲ, ತಿಂಗಳಾ ತಿಂಗಳಾ ನಡಸೂ ಮುಂದ.

ಮೊದ್ಲು ಯಾವುದರ ವೃದ್ಧಾಶ್ರಮದ ಅಡ್ಮಿಶನ್ ಫಾರ್ಮ್ ತಗೊಂಡು ಕುಂತು ಓದ್ರಿ. ಗಂಡು ಇಲ್ಲಾ ಹೆಣ್ಣು, ಟಿಕ್ ಹಾಕ್ಬೇಕು, ಯಾಕಂದ್ರ ಸಾಮಾನ್ಯ ಹಾಲ್ ಎರಡ ಇರ್ತಾವ, ಗಂಡಸ್ರದ್ದೊಂದು ಹೆಂಗಸ್ರದ್ದೊಂದು. ಅದರ ಕೆಳಗ ಗಂಡ ಇಲ್ಲಾ ಹೆಂಡ್ತಿ ಹೆಸರು, ಮಕ್ಕಳ ಫೋನ್ ನಂಬರ್, ಆಮ್ಯಾಲ ಜವಾಬ್ದಾರಿ ಹೊರೂ ಸಂಬಂಧಿಕರ ಸಹಿ. ನಿಮ್ಮ ಜೊತಿಗಾರನ ಹೆಸರು ಎಲ್ಲಿ ಬರೀತೀರಿ? ಬರದ್ರೂ ಇಬ್ರಿಗೂ ಒಂದ ಖೋಲಿ ಕೊಡ್ತಾರಂತ ಗ್ಯಾರಂಟಿ ಇಲ್ಲ. ಇನ್ನ ಬಾಜೂ ಕಾಟಿನ ಅಜ್ಜ "ನಿಮ್ಮ ಮನಿಯವ್ರು ಯಾವಾಗ ತೀರಿಕೊಂಡ್ರು" ಅಂತ ಕೇಳ್ತಾನ, ಪಾಪ ಅವಗೂ ಹೊತ್ತು ಹೋಗಬೇಕಲ್ಲ, ಆದ್ರ ಜೀವಮಾನ ಪೂರ್ತಿ ಮುಚ್ಚಿಟ್ಟು ಸಾಕಾದಾಂವ ಕಡೀಗಾಲದಾಗೂ ಹೊಸಾ ಸುಳ್ಳ ಕಟ್ಟಕೋತ ಕುಂಡ್ರಬೇಕಂದ್ರ ಅದೊಂದ್ ನಮೂನಿ ಶಿಕ್ಷಾನ. ಟ್ರಾನ್ಸ್ ಹಿರಿಯರದ್ದು ಇನ್ನೂ ಕಠಿಣ, ಮೈ ತೊಳಸಾಕ ಬರೂ ಆಯಾ ಏನಂತಾಳೋ, ಹೊರಗ ಹೋಗಿ ಯಾರಿಗೆ ಹೇಳ್ತಾಳೋ ಅನ್ನೂ ಅಂಜಿಕಿ.

ನಮ್ಮ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಭಾರತ ಹುಣ್ವಿಗೆ ಬರೂ ಜೋಗಪ್ಪಗೋಳನ್ನ, ಅಂದ್ರ ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿ ಸೀರಿ ಉಟ್ಟು ಬಾಳೂವ್ರನ್ನ, ನೋಡೇ ಇರ್ತೀರಿ. ತಲಿ ಮ್ಯಾಲ ಜಗ (ದೇವಿ ಮೂರ್ತಿ ಇಟ್ಟ ಬುಟ್ಟಿ), ಕೈಯಾಗ ಚೌಡಿಕಿ ವಾದ್ಯ, ಮಂದಿ ಕಾಲಿಗೆ ಬೀಳ್ತಾರ, ಅದೇ ಮಂದಿ ಮನಿಗೆ ಹೋಗಿ ಖೋಲಿ ಬಾಡಿಗಿಗೆ ಐತೇನ್ರಿ ಅಂದ್ರ ನಿನ್ನೇರೆ ಕೊಟ್ಟೇವಿ ಅಂತಾರ. ಜೋಗಪ್ಪನ ಕುತ್ತಿಗಿ ಸೋತು ಜಗ ಹೊರಾಕ ಆಗದಿದ್ರೂ ಅದಕ್ಕ ಪೂಜಿ ತಪ್ಪಸಾಕ ಬರೂದಿಲ್ಲ, ಅದಕ್ಕೊಂದು ಮಡಿ ಮೂಲಿ ಬೇಕು. ಸಾಲಾಗಿ ಕಾಟ್ ಹಾಕಿದ ಹಾಲ್‌ನ್ಯಾಗ ಜಗ ಎಲ್ಲಿಡೂದು, ಕಾಟಿನ ಕೆಳಗೇನು? ಇಂಥಾದನ್ನ ಯಾರೂ ಪ್ಲ್ಯಾನ್‌ನ್ಯಾಗ ಬರಿಯೂದಿಲ್ಲ. ಹಿಂದ ಗುರುವಿನ್ನ ಚೇಲಾಗೋಳು ನೋಡಕೊಳ್ತಿದ್ರು, ಈಗೂ ನೋಡ್ತಾರ, ಆದ್ರ ಚೇಲಾಗೋಳು ದುಡ್ಯಾಕ ಪುಣೆ ಬೆಂಗ್ಳೂರಿಗೆ ಹೋದ್ರ ಗುರು ಒಬ್ಬಾಕಿನ ಉಳೀತಾಳ. 2021ರಾಗ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲಾರೂ ಸ್ಟೇಟಸ್ ಹಾಕಿದ್ವಿ, ಖೋಲಿ ಕೊಡೂ ವಿಷಯ ಬಂದ್ರ ಮಾತ್ರ ಊರು ಗಪ್ಪ.

ಬ್ಯಾರೆ ದೇಶದಾಗ ಹೆಂಗ ಮಾಡ್ಯಾರ ಅಂದ್ರ, ನ್ಯೂಯಾರ್ಕಿನ ಬ್ರೂಕ್ಲಿನ್‌ನ್ಯಾಗ 2019ರಾಗ ಸ್ಟೋನ್‌ವಾಲ್ ಹೌಸ್ ಅಂತ 145 ಮನಿದು ಕಟ್ಟಡ ಆತು, 62 ದಾಟಿದ ಕಡಿಮಿ ಆದಾಯದವ್ರಿಗೆ. ಜಾಗಾ ಸರ್ಕಾರಿ ವಸತಿ ಪ್ರಾಧಿಕಾರದ್ದು, ಅಂದ್ರ ಎಲ್ಲಾಕಿಂತ ದುಬಾರಿ ಇದ್ದ ಭೂಮಿ ಖರ್ಚು ಅಲ್ಲೇ ಇಳೀತು. ಕೆಳಗಿನ ಮಜಲಿನ್ಯಾಗ 1978ರಿಂದ ಎಲ್‌ಜಿಬಿಟಿ ಹಿರಿಯರಿಗಂತ ಕೆಲಸ ಮಾಡಕೋತ ಬಂದಿರೂ 'ಸೇಜ್' ಸಂಸ್ಥಾದ ಸೆಂಟರ್ ಐತಿ. ಶಿಕಾಗೋದಾಗ 2014ರಾಗ ಹಳೇ ಪೊಲೀಸ್ ಠಾಣೆ ಕಟ್ಟಡಾನ ಸೇರಿಸ್ಕೊಂಡು 79 ಮನಿ ಮಾಡಿದ್ರು, ಹಿಂದ ಇಂಥಾ ಮಂದೀನ ಹಿಡಕೊಂಡ ಹೋಗತಿದ್ದ ಠಾಣೆ ಅದು, ಈಗ ಅವರ ಮನಿ, ಇದು ನನಗ ಭಾಳ ಸೇರತೈತಿ. ಅಮೇರಿಕಾದ ಇಂಥಾ ಸಬ್ಸಿಡಿ ಮನಿಗೋಳಾಗ ಬಾಡಿಗಿ ಸಾಮಾನ್ಯ ಆದಾಯದ ಶೇ. 30, ಉಳದದ್ದು ಸರ್ಕಾರ ತುಂಬತೈತಿ. ಮತ್ತೊಂದು ಮಾತು, ಅಲ್ಲಿ ಕಾನೂನ ಪ್ರಕಾರ ಇವನ್ನ ಬರೇ ಎಲ್‌ಜಿಬಿಟಿ ಮಂದಿಗೆ ಮೀಸಲಿಡಾಕ ಬರೂದಿಲ್ಲ, ವಯಸ್ಸು ಆದಾಯ ಹೊಂದಿದ್ರ ಯಾರರ ಅರ್ಜಿ ಹಾಕಬಹುದು. ಅಂದ್ರೂ ಮನಿ ನಡಿಯೂ ರೀತಿ, ಕೆಲಸದವ್ರ ಟ್ರೇನಿಂಗ್ ಎಲ್ಲಾ ಇವರ ಸಲುವಾಗೇ ಇರೂದ್ರಿಂದ ಹೊಂದತೈತಿ. ನಮ್ಮ ಕಡೆಗೂ ಇದೇ ಚಲೋ ಅಂತೀನಿ ನಾ, ಬೋರ್ಡಿಗೆ ಕಲ್ಲು ಬೀಳೂ ಊರಾಗ ಬೋರ್ಡ್ ಇಲ್ಲದ ಮನಿನ ಲೇಸು.

ಇನ್ನ ರೊಕ್ಕ. ಲೆಕ್ಕಕ್ಕಂತ ಹಿಡಕೊಳ್ರಿ, ಬೆಳಗಾವ್ಯಾಗ ಆರು ಮಂದಿ ಕೂಡಿ ಒಂದ್ ಮನಿ ತಗೊಂಡ್ರು, ನೆಲಮಜಲು, ಮೆಟ್ಟಲ ಇಲ್ಲದ್ದು. ಬಾಡಿಗಿ 12,000, ರೊಟ್ಟಿ ಮಾಡಾಕ ಒಬ್ಬಾಕಿ 8,000, ಹಗಲೆಲ್ಲಾ ಇದ್ದು ನೋಡಕೊಳ್ಳಾಕ ಒಬ್ರು 9,000, ಕಿರಾಣಿ ತಲಿಗೆ 3,000 ಅಂದ್ರ 18,000, ಕರೆಂಟು ಔಷಧ ರಿಕ್ಷಾ ಅಂತ 5,000. ಒಟ್ಟು 52,000. ತಲಿಗೆ ಹೆಚ್ಚುಕಡಿಮಿ 8,700. ಪೆನ್ಶನ್ ಇರೂ ನಿಮ್ಮಂಥವ್ರಿಗೆ ಇದು ನೀಗತೈತಿ. ಆದ್ರ 65 ದಾಟಿದ ಬಡವರಿಗೆ ಬರೂ ಸಂಧ್ಯಾ ಸುರಕ್ಷಾ ಪೆನ್ಶನ್ 1,200, ಬರೇ ಅದರ ಮ್ಯಾಲ ಇರೂ ಜೋಗಪ್ಪಗ ತಿಂಗಳಾ 7,500 ಕಮ್ಮಿ ಬೀಳತೈತಿ. ಆರೂ ಮಂದಿ ಹಂಗೇ ಇದ್ರ ತಿಂಗಳಿಗೆ ಸುಮಾರು 45,000 ಯಾರರ ತುಂಬಬೇಕು. ಮಂದಿ ಕಟ್ಟಡಕ್ಕಂದ್ರ ದೇಣಗಿ ಕೊಡ್ತಾರ, ಗ್ವಾಡಿಗೆ ಹೆಸರಿನ ಕಲ್ಲು ಹಾಕಸ್ತಾರ, ಅಡಗಿಯಾಕಿ ಪಗಾರಿಗೆ ಯಾರೂ ಕೊಡೂದಿಲ್ಲ. ಹಂಗಾಗಿ ಆರರಾಗ ಎರಡು ಮೂರು ಮಂದಿ ಪೆನ್ಶನ್‌ದವ್ರು ಇದ್ದು ಸ್ವಲ್ಪ ಹೆಚ್ಚಿಗಿ ಹಾಕೂ ಅಳತಿ ಇಟ್ಟು, ಉಳದದ್ದಕ್ಕ ಅನುದಾನ ಹುಡುಕೂದು ಸುರಕ್ಷಿತ.

ಅನುದಾನ ಎಲ್ಲಿ ಅಂದ್ರ, ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನಾದಾಗ ನೋಂದಣಿ ಆದ ಸಂಸ್ಥಾಗೋಳಿಗೆ ಹಿರಿಯರ ಮನಿ ನಡಸಾಕ ರೊಕ್ಕ ಬರತೈತಿ, ಆದ್ರ ಅದು ಕಡಿಮಿ ಅಂದ್ರ 25 ಮಂದಿ ಲೆಕ್ಕದ್ದು, ಆರು ಮಂದಿ ಮನಿಗೆ ಆಗೂದಿಲ್ಲ. ಅದಕ್ಕ ಈಗಾಗ್ಲೇ ವೃದ್ಧಾಶ್ರಮ ನಡಸೂ ಟ್ರಸ್ಟಿನವ್ರನ್ನ ಒಪ್ಪಿಸಿ ಅವರ ಒಂದ್ ಬಾಜೂ ನಾಕೈದು ಖೋಲಿ ಮಾಡ್ಕೊಂಡ್ರ ಹಾದಿ ಸರಳ, ಖೋಲಿ ಬ್ಯಾರೆ, ಅಡಗಿ ಡಾಕ್ಟರ್ ಎಲ್ಲಾ ಕೂಡೇ. ಟ್ರಾನ್ಸ್ ಮಂದಿಗೆ ಗರಿಮಾ ಗೃಹ ಅಂತ ಕೇಂದ್ರ ಮಾಡೈತಿ, ಅದು ಕೆಲಸ ಕಲಿಸಿ ಹೊರಗ ಕಳಸೂ ಉದ್ದೇಶದ್ದು, ಮುಪ್ಪು ಕಳಿಯೂ ಜಾಗಾ ಅಲ್ಲ. ಸ್ವಂತ ಮನಿ ಆಸೆ ಇದ್ದ ಬಡವ್ರು ಪಿಎಂ ಆವಾಸ್ ನಗರ 2.0 ನೋಡ್ರಿ, ಹಿರಿಯರಿಗೂ ಟ್ರಾನ್ಸ್‌ಜೆಂಡರ್ ಮಂದಿಗೂ ಆದ್ಯತಾ ಐತಿ, ಬಾಡಿಗಿ ಮನಿ ಕಟ್ಟೂ ಭಾಗಾನೂ ಐತಿ. ಮಹಾನಗರ ಪಾಲಿಕಿಗೆ ಹೋಗೂ ಮುಂದ ಜಿಲ್ಲಾಧಿಕಾರಿ ಕೊಟ್ಟ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ತಗೊಂಡು ಹೋಗ್ರಿ, ಅದಿಲ್ದ ಟೇಬಲ್ ಟೇಬಲ್ ತಿರಗಾಕ ಹಚ್ತಾರ.

ನಿಮ್ಮ ಇಬ್ಬರ ಮಟ್ಟಿಗೆ ಇವತ್ತ ಮಾಡೂ ಕೆಲಸ ಬ್ಯಾರೆ. 2023ರ ಅಕ್ಟೋಬರ್ 17ಕ್ಕ ಸುಪ್ರೀಂ ಕೋರ್ಟ್ ಸಲಿಂಗ ಮದುವಿಗೆ ಮಾನ್ಯತಾ ಕೊಡಲಿಲ್ಲ, ಹಂಗಾಗಿ ನೀವು ಇರೂ ಮನಿ ನಿಮ್ಮೊಬ್ಬರ ಹೆಸರಿನ್ಯಾಗ ಇದ್ರ ನಾಳೆ ನೀವು ತೀರಿಕೊಂಡ ಮ್ಯಾಲ ತಮ್ಮನ ಮಕ್ಕಳು ಬಂದು ನಿಮ್ಮ ಜೊತಿಗಾರನ್ನ ಹೊರಗ ಹಾಕಬಹುದು. ಮೃತ್ಯುಪತ್ರ ಬರೀರಿ. ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ಇಬ್ಬರು ಸಾಕ್ಷಿ ಸಾಕು, ಜೊತಿಗಾರನ್ನ ಸಾಕ್ಷಿ ಮಾಡಬ್ಯಾಡ್ರಿ, ಕಡ್ಡಾಯ ಇಲ್ಲದಿದ್ರೂ ಸಬ್ ರಿಜಿಸ್ಟ್ರಾರ್ ಹತ್ರ ನೋಂದಣಿ ಮಾಡಿಸಿಬಿಡ್ರಿ. 2024ರ ಆಗಸ್ಟಿನ್ಯಾಗ ಬ್ಯಾಂಕುಗೋಳಿಗೆ ಕೇಂದ್ರ ಸ್ಪಷ್ಟ ಮಾಡೈತಿ, ಇಂಥಾ ಜೋಡಿ ಜಾಯಿಂಟ್ ಅಕೌಂಟ್ ತಗೀಬಹುದು, ಒಬ್ಬರನ್ನೊಬ್ರು ನಾಮಿನಿ ಮಾಡಬಹುದು, ರೇಷನ್ ಕಾರ್ಡಿಗೂ ಒಂದ ಮನಿ ಅಂತ ಹಿಡೀಬೇಕು ಅಂತ ರಾಜ್ಯಗೋಳಿಗೆ ತಿಳಿಸ್ಯಾರ. ಕೌಂಟರಿನಾಂವ ಹಂಗೆಲ್ಲಾ ಬರೂದಿಲ್ಲ ಅಂದ್ರ ಮ್ಯಾನೇಜರ್ ಹತ್ರ ಹೋಗ್ರಿ, ಬರೂದಿಲ್ಲಂತ ಲಿಖಿತದಾಗ ಕೊಡ್ರಿ ಅನ್ರಿ.