ಅಂಕೋಲೆಯಲ್ಲೇ ಉಪ್ಪು ಯಾಕೆ, ಸಿದ್ದಾಪುರದಲ್ಲೇ ಕರನಿರಾಕರಣೆ ಯಾಕೆ? ಹತ್ತನೇ ತರಗತಿಯವರಿಗೆ ಇತಿಹಾಸದ ನೋಟ್ಸ್

ಕಾನೂನುಭಂಗ ಚಳವಳಿಯ ಪಾಠವನ್ನು ಬರೀ ಇಸವಿ ಹಿಡಿದು ಬಾಯಿಪಾಠ ಮಾಡಿದರೆ ಪರೀಕ್ಷೆ ಹಾಲ್‌ನಲ್ಲೇ ಕಲಸಿಹೋಗುತ್ತದೆ. ಉತ್ತರ ಕನ್ನಡದ ನಮಗೆ ಬೇರೆ ದಾರಿ ಇದೆ. ‘ಇಲ್ಲೇ ಯಾಕೆ ನಡೆಯಿತು?’ ಎಂದು ಕೇಳಿಕೊಳ್ಳಿ. ಹಿಂದಿನ ಕಂದಾಯ ಪದ್ಧತಿಗಳ ಪಾಠವೂ ಜತೆಗೇ ಬಿಡಿಸಿಕೊಳ್ಳುತ್ತದೆ.

ಮೊದಲು ಯಾರ ಆಳ್ವಿಕೆ ಎಂಬುದು ತಿಳಿದಿರಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಪಕ್ಕದ ಸಾಗರ ಮೈಸೂರು ಸಂಸ್ಥಾನದ್ದು. ಹಾಗಾಗಿ ಸಾಗರದ ರೈತ ತೀರುವೆ (ಭೂಕಂದಾಯ) ಕಟ್ಟುತ್ತಿದ್ದದ್ದು ಮಹಾರಾಜರ ಸರ್ಕಾರಕ್ಕೆ, ಸಿದ್ದಾಪುರದ ರೈತ ನೇರ ಬ್ರಿಟಿಷರಿಗೆ. ಇದೊಂದು ನೆನಪಿದ್ದರೆ ಮುಂದಿನದು ಸಲೀಸು.

ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಒಂದು ವಾರಕ್ಕೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿದ್ದರೂ ಅಲ್ಲಿ ಸಮುದ್ರವಿಲ್ಲ. ಆ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಕಡಲಿದ್ದದ್ದು ನಮಗೊಬ್ಬರಿಗೇ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಬೇಸಿಗೆಯಲ್ಲಿ ಒಮ್ಮೆ ನೋಡಿ ಬನ್ನಿ. ಮಡಿಗಳಲ್ಲಿ ನಿಂತ ಉಪ್ಪುನೀರು ಬಿಸಿಲಿಗೆ ಆರಿ, ತಳದಲ್ಲಿ ಹರಳು ಕೂತ ಮೇಲೆ ಅದನ್ನು ಎಳೆದು ರಾಶಿ ಹಾಕುತ್ತಾರೆ. ನೀರು ಕಡಲಿನದು, ಬಿಸಿಲು ಸೂರ್ಯನದು, ದುಡಿಮೆ ಜನರದು. ಆದರೂ ಸರ್ಕಾರದ ಪರವಾನಗಿ ಇಲ್ಲದೆ ಉಪ್ಪು ಮಾಡಿದರೆ ಅಪರಾಧ! ಬಡವರಿಗೂ ತಟ್ಟುವ ಈ ತೆರಿಗೆಯನ್ನೇ ಗಾಂಧೀಜಿ ಆರಿಸಿಕೊಂಡದ್ದರ ಬೆಲೆ ಆಗ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಕರನಿರಾಕರಣೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದೇ ದೊಡ್ಡದು. ಬಂಗಾಳದಲ್ಲಿ 1793ರ ಖಾಯಂ ಜಮೀನ್ದಾರಿ ಪದ್ಧತಿಯಂತೆ ಸರ್ಕಾರಕ್ಕೆ ಹಣ ಕಟ್ಟುವವನು ಜಮೀನ್ದಾರ. ನಮ್ಮಲ್ಲಿ ಹಾಗಲ್ಲ, ರೈತವಾರಿ. ಈ ಪದ್ಧತಿಯ ಜತೆ ಬರುವ ಥಾಮಸ್ ಮನ್ರೋ ನಮ್ಮ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನು. ರೈತವಾರಿಯಲ್ಲಿ ಲೆಕ್ಕ ರೈತನ ಹೆಸರಿಗೇ ಇರುತ್ತದೆ. ಮನೆಯ ಪಹಣಿ ತೆಗೆದು ನೋಡಿ: ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಖಾತೆದಾರರ ಹೆಸರು. ನಡುವೆ ಯಾರೂ ಇಲ್ಲದ್ದರಿಂದ ರೈತ ‘ಕಟ್ಟುವುದಿಲ್ಲ’ ಎಂದರೆ ಅದು ಸರ್ಕಾರಕ್ಕೇ ತಾಗುತ್ತದೆ. ಸರ್ಕಾರದ ಏಟೂ ಅಷ್ಟೇ ನೇರವಾಗಿ ಅವನ ಗದ್ದೆ, ತೋಟ, ದನಕರುಗಳ ಮೇಲೆ ಬೀಳುತ್ತದೆ. ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರು ಇದು ತಿಳಿದೇ ತೀರುವೆ ನಿಲ್ಲಿಸಿದರು. ಜಮೀನು ಮುಟ್ಟುಗೋಲಾಯಿತು, ಹರಾಜಾಯಿತು.

1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದವನ್ನು ‘ಕೈದಿಗಳ ಬಿಡುಗಡೆ, ದುಂಡುಮೇಜಿನ ಪರಿಷತ್ತು’ ಎಂದಷ್ಟೇ ಬರೆದು ಬಿಡುತ್ತೇವೆ. ಕರಾವಳಿಯವರು ಸ್ವಂತಕ್ಕೆ ಉಪ್ಪು ಮಾಡಿಕೊಳ್ಳಬಹುದು ಎಂಬ ಮಾತೂ ಅದರಲ್ಲಿದೆ. ಜಮೀನಿನ ವಿಷಯವನ್ನಂತೂ ಖಂಡಿತ ಸೇರಿಸಿ: ಸರ್ಕಾರದ ಕೈಯಲ್ಲೇ ಉಳಿದದ್ದು ವಾಪಸ್, ಬೇರೆಯವರಿಗೆ ಮಾರಿಹೋದದ್ದು ಹೋಯಿತು. ಚಳವಳಿ 1932ರಲ್ಲಿ ಮತ್ತೆ ಕಾವೇರಿದಾಗ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತದ್ದು, ಮುಟ್ಟುಗೋಲಾದ ಆಸ್ತಿಯನ್ನು ಕೊಂಡವರ ಮನೆ ಎದುರಿಗೆ. ಅವರ ಹಟ ಎಷ್ಟು ನ್ಯಾಯವಾದದ್ದು ಎಂದು ಒಪ್ಪಂದದ ಈ ಷರತ್ತು ಓದಿದವರಿಗೆ ತಿಳಿಯುತ್ತದೆ. 1937ರಲ್ಲಿ ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಇಂಥ ಜಮೀನು ಮರಳಿಸಲು ಕಾಯಿದೆಯಾಯಿತು. ‘1935ರ ಕಾಯಿದೆಯಿಂದ ಪ್ರಾಂತ್ಯಗಳಿಗೆ ಸಿಕ್ಕ ಅಧಿಕಾರ’ ಎಂಬ ಪ್ರಶ್ನೆ ಬಂದರೆ ಉದಾಹರಣೆಗೆ ಇದನ್ನೇ ಬರೆಯಿರಿ.