ಸೋಲ್ನ್‌ಹೋಫನ್: ಕಲ್ಲಚ್ಚಿನ ತವರೂರು

ಜರ್ಮನಿಯ ಬವೇರಿಯಾದಲ್ಲಿ ಆಲ್ಟ್‌ಮ್ಯೂಲ್ ಎಂಬ ನಿಧಾನಗತಿಯ ನದಿಯಿದೆ. ಅದರ ಕಣಿವೆಯಲ್ಲಿರುವ ಪುಟ್ಟ ಊರು ಸೋಲ್ನ್‌ಹೋಫನ್. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಊರಿನ ಮೇಲಿನ ಗುಡ್ಡದ ಬಯಲಿನಲ್ಲಿ ಕಲ್ಲುಗಣಿಗಳು. ಅಲ್ಲಿ ಕೆಲಸಗಾರ ಉಳಿಯಿಂದ ಚಪ್ಪಡಿಯನ್ನು ಪದರದ ಗುಂಟ ಸೀಳಿ, ಎತ್ತಿ ನಿಲ್ಲಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಕಂಚಿನ ಹಾಗೆ ಠಣ್ ಎಂದರೆ ಕಲ್ಲು ಗಟ್ಟಿ. ಸದ್ದು ಮಂಕಾಗಿದ್ದರೆ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದು ಅರ್ಥ. ಅದು ನೇರ ಕಸದ ಗುಡ್ಡೆಗೆ. ಈ ಊರಿನ ಸುತ್ತ ಮಣ್ಣಿನ ಗುಡ್ಡಗಳಿಗಿಂತ ಹೀಗೆ ಎಸೆದ ಕಲ್ಲಿನ ಗುಡ್ಡೆಗಳೇ ಕಣ್ಣಿಗೆ ಮೊದಲು ಬೀಳುತ್ತವೆ.

ಆ ಗಣಿಗಳಿಂದ ಮೂರು ಬೇರೆ ಬೇರೆ ವಸ್ತುಗಳು ಹೊರಬಂದವು: ಮನೆಯ ನೆಲಕ್ಕೆ ಹಾಸುಗಲ್ಲು, ಮುದ್ರಣಕ್ಕೆ ಅಚ್ಚಿನ ಕಲ್ಲು, ವಿಜ್ಞಾನಕ್ಕೆ ಆರ್ಕಿಯಾಪ್ಟೆರಿಕ್ಸ್ ಎಂಬ ಹಕ್ಕಿ. ಮೂರಕ್ಕೂ ಕಾರಣ ಒಂದೇ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ನೀರಿನ ತಳದಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ.

ಜುರಾಸಿಕ್ ಯುಗದ ಕೊನೆಯ ಹೊತ್ತಿಗೆ ಯುರೋಪಿನ ಈ ಭಾಗ ಬೆಚ್ಚನೆಯ, ಆಳವಿಲ್ಲದ ಕಡಲಾಗಿತ್ತು. ಸ್ಪಂಜುಗಳೂ ಹವಳಗಳೂ ಸೂಕ್ಷ್ಮಜೀವಿಗಳೂ ಕಟ್ಟಿದ ದಿಬ್ಬಗಳು ಆ ಕಡಲನ್ನು ಅಲ್ಲಲ್ಲಿ ತಡೆದು ಲಗೂನ್‌ಗಳನ್ನು ಮಾಡಿದ್ದವು. ತೆರೆದ ಕಡಲಿನ ಜೊತೆ ನೀರಿನ ಓಡಾಟ ಕಡಿಮೆ, ಬಿಸಿಲು ಜಾಸ್ತಿ. ನೀರು ಆವಿಯಾದಂತೆ ಉಳಿದದ್ದರಲ್ಲಿ ಉಪ್ಪು ಹೆಚ್ಚಿತು. ಉಪ್ಪು ಹೆಚ್ಚಿದ ನೀರು ಭಾರ, ಅದು ತಳಕ್ಕಿಳಿದು ನಿಂತುಬಿಟ್ಟಿತು. ಮೇಲಿನ ನೀರಿನ ಜೊತೆ ಬೆರೆಯದ ಕಾರಣ ತಳದಲ್ಲಿ ಆಮ್ಲಜನಕ ಮುಗಿದುಹೋಯಿತು. ಹೆಣ ತಿನ್ನುವ ಏಡಿಯಿಲ್ಲ, ಕೆಸರು ಕಲಕುವ ಹುಳುವಿಲ್ಲ, ಅಲೆಯ ಹೊಡೆತವೂ ಇಲ್ಲ. ಸುಣ್ಣದ ನುಣ್ಣನೆಯ ಕೆಸರು ಪದರ ಪದರವಾಗಿ ಇಳಿದು, ಇಳಿದ ಹಾಗೆಯೇ ಕಲ್ಲಾಯಿತು. ಅಂದಿನ ದಿಬ್ಬಗಳ ಉಳಿಕೆಯನ್ನು ಇಂದಿಗೂ ನೋಡಬಹುದು: ಊರಿಗೆ ಹತ್ತಿರ, ನದಿಯ ಪಕ್ಕದ ಇಳಿಜಾರಿನಲ್ಲಿ ಸಾಲಾಗಿ ನಿಂತ ‘ಹನ್ನೆರಡು ಅಪೊಸ್ತಲರು’ ಎಂಬ ಬಂಡೆಗಳು ಅವೇ.

ಆ ತಳ ಎಷ್ಟು ವಿಷಮಯವಾಗಿತ್ತು ಎಂಬುದಕ್ಕೆ ಇದೇ ಸೀಮೆಯ ಐಖ್‌ಷ್ಟೆಟ್ ಊರಿನ ಬಳಿ ಸಿಕ್ಕ ಒಂದು ಚಪ್ಪಡಿಯೇ ಸಾಕ್ಷಿ. ಕುದುರೆಲಾಳದ ಏಡಿಯ ಮರಿಯೊಂದು ಮೇಲಿನಿಂದ ಕೆಸರಿಗೆ ಬಿದ್ದಿದೆ, ಎದ್ದು ನಡೆದಿದೆ, ಸುಮಾರು 9.7 ಮೀಟರ್ ಸಾಗಿ ಸತ್ತಿದೆ. ಅದು ಬಿದ್ದ ಗುರುತು, ಪ್ರತಿ ಕಾಲಿನ ಗುರುತು, ಬಾಲ ಎಳೆದ ಗೆರೆ, ಗೆರೆಯ ಕೊನೆಯಲ್ಲಿ ಏಡಿ, ಎಲ್ಲವೂ ಹಾಗೇ ಉಳಿದಿವೆ. ನಮ್ಮ ಯಾವ ಕಡಲತೀರದಲ್ಲೂ ಅಂಥ ಹೆಜ್ಜೆಗುರುತು ಮುಂದಿನ ಅಲೆಯವರೆಗೆ ನಿಲ್ಲುವುದಿಲ್ಲ.

ಗಣಿಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಎರಡು ಬಗೆಯ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಗಟ್ಟಿಯಾದ, ಶುದ್ಧ ಸುಣ್ಣಕಲ್ಲಿನ ಪದರಕ್ಕೆ ಅಲ್ಲಿನವರು ‘ಫ್ಲಿನ್ಸ್’ ಎನ್ನುತ್ತಾರೆ. ನಡುವೆ ಜೇಡಿ ಬೆರೆತ, ಕೈಯಲ್ಲಿ ಪುಡಿಯಾಗುವ ಮೆತ್ತನೆಯ ಪದರ ‘ಫಾಯ್ಲೆ’. ಬೆಲೆಯಿರುವುದು ಫ್ಲಿನ್ಸ್‌ಗೆ, ಆದರೆ ಫಾಯ್ಲೆ ಇಲ್ಲದಿದ್ದರೆ ಫ್ಲಿನ್ಸ್ ಅಷ್ಟು ಸಲೀಸಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ಕೆಲವು ಚಪ್ಪಡಿಗಳ ಮೇಲೆ ಜರಿಗಿಡದಂಥ ಕಪ್ಪು, ಕಂದು ಕವಲುಗಳು ಕಾಣುತ್ತವೆ. ಹೊಸಬರು ಅದನ್ನು ಗಿಡದ ಪಳೆಯುಳಿಕೆ ಎಂದುಕೊಂಡು ಸಂಭ್ರಮಿಸುತ್ತಾರೆ. ಅದು ಗಿಡವಲ್ಲ, ಬಿರುಕಿನೊಳಗೆ ನುಗ್ಗಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್.

ಹಾಸುಗಲ್ಲಿನ ಕಸುಬು ಇಲ್ಲಿ ತುಂಬ ಹಳೆಯದು, ರೋಮನ್ನರು ಈ ಸೀಮೆಯ ಸ್ನಾನಗೃಹಗಳಿಗೆ ಈ ಕಲ್ಲನ್ನು ಬಳಸಿದ್ದಾರೆ. ಊರಿಗೆ ಹೆಸರು ಬಂದದ್ದು 8ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ಸೋಲಾ ಎಂಬ ಸನ್ಯಾಸಿಯಿಂದ. ಅವನ ಸಮಾಧಿಯ ಮೇಲೆ ಎದ್ದ ಚರ್ಚಿನ ಅವಶೇಷ ಇಂದಿಗೂ ಊರೊಳಗಿದೆ. ಸುತ್ತಲಿನ ಹಳೆಯ ಮನೆಗಳಿಗೆ ಹೆಂಚಿನ ಬದಲು ತೆಳುವಾದ ಸುಣ್ಣಕಲ್ಲಿನ ಬಿಲ್ಲೆಗಳನ್ನೇ ಹೊದಿಸುತ್ತಿದ್ದರು. ಮೊಳೆ ಹೊಡೆಯದೆ ಒಂದರ ಮೇಲೊಂದು ಹಲವು ಪದರ ಸುಮ್ಮನೆ ಇಡುವುದು ಅದರ ರೀತಿ. ಅದಕ್ಕಾಗಿಯೇ ಈ ಮನೆಗಳ ಮಾಡಿನ ಇಳಿಜಾರು ಕಡಿಮೆ, ಹೆಚ್ಚಾದರೆ ಕಲ್ಲು ಜಾರುತ್ತದೆ. ಆ ಭಾರ ಹೊರಲು ತೊಲೆಗಳು ದಪ್ಪವಿರಬೇಕು, ಗೋಡೆಗಳೂ ದಪ್ಪವಿರಬೇಕು. ಮನೆಯ ಇಡೀ ರೂಪವನ್ನು ನಿರ್ಧರಿಸಿದ್ದು ಆ ಬಿಲ್ಲೆ.

ಊರಿನ ಹೆಸರು ಜಗತ್ತಿಗೆ ತಿಳಿದದ್ದು ಮಾತ್ರ ಮುದ್ರಣದಿಂದ. 1790ರ ದಶಕದಲ್ಲಿ ಮ್ಯೂನಿಕ್‌ನ ಆಲೋಯಿಸ್ ಸೆನೆಫೆಲ್ಡರ್ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ. ತಾಮ್ರದ ತಗಡು ದುಬಾರಿ, ಈ ಸುಣ್ಣಕಲ್ಲು ಅಗ್ಗ. ಆತನೇ ಬರೆದಿಟ್ಟಿರುವಂತೆ, ಒಂದು ದಿನ ಅಗಸಗಿತ್ತಿಗೆ ಕೊಡುವ ಬಟ್ಟೆಯ ಪಟ್ಟಿ ಬರೆದುಕೊಳ್ಳಲು ಕಾಗದ ಸಿಗದೆ, ಮೇಣ, ಸಾಬೂನು, ದೀಪದ ಮಸಿ ಬೆರೆಸಿದ ಶಾಯಿಯಲ್ಲಿ ಕಲ್ಲಿನ ಮೇಲೆಯೇ ಗೀಚಿದ. ಅಲ್ಲಿಂದ ಶುರುವಾದ ಪ್ರಯೋಗಗಳು 1798ರ ಹೊತ್ತಿಗೆ ಹೊಸ ಮುದ್ರಣ ವಿಧಾನವೊಂದಕ್ಕೆ ತಲುಪಿದವು. ಅಕ್ಷರ ಉಬ್ಬಿರಬೇಕಿಲ್ಲ, ಕೊರೆದಿರಲೂ ಬೇಕಿಲ್ಲ. ಎಣ್ಣೆಗೂ ನೀರಿಗೂ ಇರುವ ವೈರವೊಂದೇ ಸಾಕು. ನಮ್ಮಲ್ಲಿ ಇದಕ್ಕೆ ಕಲ್ಲಚ್ಚು ಎಂಬ ಚೊಕ್ಕ ಹೆಸರು ಬಿದ್ದಿದೆ.

ಕೆಲಸ ಶುರುವಾಗುವುದು ಕಲ್ಲು ಉಜ್ಜುವುದರಿಂದ. ಕಲ್ಲಿನ ಮೇಲೆ ನೀರು ಮತ್ತು ಮರಳು ಹಾಕಿ, ಇನ್ನೊಂದು ಕಲ್ಲನ್ನು ಮಗುಚಿಟ್ಟು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತಾರೆ. ಈಗ ಮರಳಿನ ಬದಲು ಕಾರ್ಬೊರಂಡಮ್ ಪುಡಿ: ಮೊದಲು 80ರ ಒರಟು, ಆಮೇಲೆ 180, ಕೊನೆಗೆ 220 (ಅಂಕೆ ಏರಿದಷ್ಟೂ ಪುಡಿ ನುಣ್ಣಗೆ). ಪ್ರತಿ ಹಂತದಲ್ಲೂ ಹಿಂದಿನ ಪುಡಿಯನ್ನು ಪೂರ್ತಿ ತೊಳೆಯಬೇಕು. ಒಂದೇ ಒಂದು ಒರಟು ಕಾಳು ಉಳಿದರೂ ಎಳೆದ ಗೀರು ಪ್ರತಿ ಹಾಳೆಯಲ್ಲೂ ಮೂಡುತ್ತದೆ. ಕಲ್ಲು ಸಮತಟ್ಟಾಗಿದೆಯೇ ಎಂದು ನೋಡಲು ಉಕ್ಕಿನ ಪಟ್ಟಿಯ ಕೆಳಗೆ ಮಧ್ಯಕ್ಕೊಂದು, ಎರಡು ತುದಿಗೆ ಒಂದೊಂದು ತೆಳು ಕಾಗದದ ಚೂರಿಟ್ಟು ಎಳೆಯುತ್ತಾರೆ. ಮೂರೂ ಒಂದೇ ಬಿಗಿಯಲ್ಲಿ ಬಂದರೆ ಸರಿ. ಮಧ್ಯದ ಚೂರು ಸಡಿಲವಾಗಿ ಬಂದರೆ ಕಲ್ಲಿನ ನಡುಭಾಗ ತಗ್ಗಿದೆ. ಹಾಗೇ ಪ್ರೆಸ್ಸಿಗೆ ಹಾಕಿದರೆ ನಡುವೆ ಅಚ್ಚು ಬೀಳುವುದಿಲ್ಲ. ಒತ್ತಡ ಒಂದೇ ಕಡೆ ಕೂತು ಕಲ್ಲೇ ಒಡೆಯುವುದೂ ಉಂಟು.

ಕೊಬ್ಬು, ಮೇಣ, ಮಸಿ ಸೇರಿದ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಬರೆಯುವಾಗ ಅಂಗೈ ಕಲ್ಲಿಗೆ ತಾಗಬಾರದು. ಚರ್ಮದ ಜಿಡ್ಡು ಕಣ್ಣಿಗೆ ಕಾಣದಿದ್ದರೂ ಶಾಯಿ ಹಿಡಿಯುತ್ತದೆ, ಬೆರಳಚ್ಚು ಚಿತ್ರದ ಭಾಗವಾಗಿಬಿಡುತ್ತದೆ. ಆಮೇಲೆ ಅರೇಬಿಕ್ ಗೋಂದಿನ ನೀರಿಗೆ ನೈಟ್ರಿಕ್ ಆಮ್ಲದ ಕೆಲವು ಹನಿ ಬೆರೆಸಿ ಹಚ್ಚಬೇಕು. 30 ಮಿ.ಲೀ. ಗೋಂದಿಗೆ ತಿಳಿಯಾದ ಭಾಗಕ್ಕೆ ನಾಲ್ಕೈದು ಹನಿ, ದಟ್ಟ ಭಾಗಕ್ಕೆ ಹನ್ನೆರಡು-ಹದಿನೈದು. ಆಮ್ಲ ಹೆಚ್ಚಾದರೆ ನಸುಛಾಯೆಗಳು ಸುಟ್ಟುಹೋಗುತ್ತವೆ. ಕಡಿಮೆಯಾದರೆ ನಾಲ್ಕು ಹಾಳೆ ತೆಗೆಯುವಷ್ಟರಲ್ಲಿ ಖಾಲಿ ಜಾಗವೂ ಮಸಿ ಹಿಡಿದು ಚಿತ್ರ ಕಲಸಿಹೋಗುತ್ತದೆ. ಬರೆದಿರದ ಜಾಗದಲ್ಲಿ ಗೋಂದು ಕಲ್ಲಿಗೆ ಅಂಟಿ ನೀರನ್ನು ಹಿಡಿದಿಡುತ್ತದೆ, ಬರೆದ ಜಾಗದಲ್ಲಿ ಕೊಬ್ಬು ಕಲ್ಲಿನೊಳಕ್ಕೆ ಕೂತಿರುತ್ತದೆ. ಟರ್ಪೆಂಟೈನ್ ಹಾಕಿ ಒರೆಸಿದರೆ ಚಿತ್ರ ಪೂರ್ತಿ ಮಾಯ. ಮೊದಲ ಬಾರಿ ನೋಡಿದವರಿಗೆ ಎಲ್ಲ ಹಾಳಾಯಿತು ಎನಿಸುವ ಗಳಿಗೆ ಅದು. ಒದ್ದೆ ಸ್ಪಂಜು ಆಡಿಸಿ, ಎಣ್ಣೆಶಾಯಿಯ ರೋಲರ್ ಉರುಳಿಸಿದರೆ ಚಿತ್ರ ಮತ್ತೆ ಎದ್ದು ಬರುತ್ತದೆ. ಕಲ್ಲು ಒಣಗಲು ಬಿಟ್ಟರೆ ಶಾಯಿ ಎಲ್ಲೆಡೆ ಹಿಡಿಯುತ್ತದೆ, ಆದ್ದರಿಂದ ಪ್ರತಿ ಹಾಳೆಗೂ ಮುನ್ನ ಸ್ಪಂಜು ಆಡಿಸಲೇಬೇಕು.

ಇಷ್ಟೆಲ್ಲ ನಾಜೂಕಿಗೆ ಸುಣ್ಣಕಲ್ಲು ಅತಿ ನುಣ್ಣಗಿರಬೇಕು, ಎಲ್ಲೆಡೆ ಒಂದೇ ಸಮನಿರಬೇಕು, ಒಳಗೆ ಚಿಪ್ಪಾಗಲಿ ಎಳೆಯಾಗಲಿ ಇರಬಾರದು. ಬೇರೆ ದೇಶಗಳಲ್ಲೂ ಹುಡುಕಿದರು, ಸಿಕ್ಕಿತು ಕೂಡ. ಗುಣದಲ್ಲಿ ಸೋಲ್ನ್‌ಹೋಫನ್ ಸೀಮೆಯದನ್ನು ಮೀರಿಸಿದ್ದು ಬರಲಿಲ್ಲ. ಹಳದಿ ಕಲ್ಲು ಕೊಂಚ ಮೃದು, ಬೂದು-ನೀಲಿಯದು ಗಡುಸು, ಸೂಕ್ಷ್ಮ ಗೆರೆಗೆ ಅದೇ ಬೇಕು. ಬವೇರಿಯಾ ಸರ್ಕಾರ 1808ರಿಂದ ನಡೆಸಿದ ಭೂಮಾಪನದ ನಕ್ಷೆಗಳನ್ನು ಈ ಕಲ್ಲುಗಳ ಮೇಲೆಯೇ ಕೊರೆಸಿತು. ಒಂದೊಂದು ಹೊಲದ ಗಡಿಯಿರುವ 26,000ಕ್ಕೂ ಹೆಚ್ಚು ಕಲ್ಲುಗಳು ಮ್ಯೂನಿಕ್‌ನ ಭೂಮಾಪನ ಕಚೇರಿಯಲ್ಲಿ ಇಂದಿಗೂ ಕಪಾಟುಗಳಲ್ಲಿ ನಿಂತಿವೆ.

ಕನ್ನಡಕ್ಕೆ ಈ ವಿಧಾನ ಮಾಡಿದ ಉಪಕಾರ ದೊಡ್ಡದು. ಕನ್ನಡದ ಕಾಗುಣಿತಕ್ಕೂ ಒತ್ತಕ್ಷರಕ್ಕೂ ಸೀಸದ ಮೊಳೆ ಎರಕ ಹೊಯ್ಯಬೇಕೆಂದರೆ ನೂರಾರು ಅಚ್ಚು ಬೇಕು. ಕಲ್ಲಚ್ಚಿಗೆ ಚೆಂದದ ಕೈಬರಹವಿದ್ದರೆ ಸಾಕು. ಅಂಟು ಬಳಿದ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದು, ಅದನ್ನು ಕಲ್ಲಿನ ಮೇಲೆ ಮಗುಚಿ ಒತ್ತಿ, ಒದ್ದೆ ಮಾಡಿ ಕಾಗದ ಸುಲಿದರೆ ಅಕ್ಷರಗಳು ತಿರುಗುಮುರುಗಾಗಿ ಕಲ್ಲಿಗೆ ಇಳಿಯುತ್ತವೆ. ಕನ್ನಡಿಬರಹ ಕಲಿಯುವ ಕಷ್ಟವಿಲ್ಲ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮುದ್ರಣ ಆರಂಭಿಸಿದ್ದು ಕಲ್ಲಚ್ಚಿನಿಂದಲೇ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಿನ ಮೇಲಿಂದ ಎದ್ದು ಬಂದದ್ದು. ಐವತ್ತು ವರ್ಷಗಳ ನಂತರ, 1894ರಲ್ಲಿ, ರಾಜಾ ರವಿವರ್ಮ ಮುಂಬೈಯಲ್ಲಿ ಮುದ್ರಣಾಲಯ ತೆರೆದಾಗ ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು. ಬಣ್ಣಕ್ಕೊಂದರಂತೆ ಕಲ್ಲು, ಕೂದಲೆಳೆಯಷ್ಟೂ ಸರಿಯದಂತೆ ಒಂದರ ಮೇಲೊಂದು ಒತ್ತು. ನಮ್ಮ ದೇವರ ಕೋಣೆಗಳ ಲಕ್ಷ್ಮಿ, ಸರಸ್ವತಿ ಹೀಗೆ ಬಂದವರು.

ಅಚ್ಚಿನ ಕಲ್ಲಿಗೆ ಬೇಡಿಕೆ ಏರಿದಂತೆ ಗಣಿಗಳು ಆಳಕ್ಕಿಳಿದವು. ಪ್ರತಿ ಚಪ್ಪಡಿಯನ್ನೂ ಕೈಯಲ್ಲಿ ಸೀಳಿ ಎರಡೂ ಮುಖ ನೋಡುವುದು ಕೆಲಸದ ಭಾಗವಾಗಿತ್ತು. ಹಕ್ಕಿ ಸಿಕ್ಕಿದ್ದು ಅದರಿಂದ. ಮೊದಲು ಒಂದೇ ಒಂದು ಗರಿ. ಪಳೆಯುಳಿಕೆ ತಜ್ಞ ಹರ್ಮನ್ ಫಾನ್ ಮೇಯರ್ 1861ರಲ್ಲಿ ಅದನ್ನು ವಿವರಿಸಿದ. ಅದೇ ವರ್ಷ ಪಕ್ಕದ ಲಾಂಗೆನ್‌ಆಲ್ಟ್‌ಹೈಮ್ ಬಳಿ ಗರಿಗಳ ಸಮೇತ ಅಸ್ಥಿಪಂಜರ ಬಂತು. ರೆಕ್ಕೆ ಹಕ್ಕಿಯದು, ಹಲ್ಲು, ಉಗುರು, ಎಲುಬಿನ ಉದ್ದ ಬಾಲ ಸರೀಸೃಪದ್ದು. ಡಾರ್ವಿನ್ ತನ್ನ ವಿಕಾಸವಾದ ಪ್ರಕಟಿಸಿ ಎರಡೇ ವರ್ಷವಾಗಿತ್ತು. ಹೆಸರಿನಲ್ಲೇ ಮುದ್ರಣವಿದೆ: ‘ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ’, ಅಚ್ಚಿನ ಕಲ್ಲಿನ ಪುರಾತನ ರೆಕ್ಕೆ. ಪಾಪೆನ್‌ಹೈಮ್‌ನ ವೈದ್ಯ ಕಾರ್ಲ್ ಹೇಬರ್‌ಲೈನ್ ಚಿಕಿತ್ಸೆಯ ಶುಲ್ಕಕ್ಕೆ ಬದಲಾಗಿ ಆ ಅಸ್ಥಿಪಂಜರವನ್ನು ಪಡೆದಿದ್ದ. ಇತರ ಪಳೆಯುಳಿಕೆಗಳ ಜೊತೆ 700 ಪೌಂಡಿಗೆ ಅದು ಲಂಡನ್ ಸೇರಿತು. 1870ರ ದಶಕದಲ್ಲಿ ಐಖ್‌ಷ್ಟೆಟ್ ಬಳಿ ಸಿಕ್ಕ ಇನ್ನೂ ಚೆಂದದ ಹಕ್ಕಿಯನ್ನು ಉದ್ಯಮಿ ವೆರ್ನರ್ ಫಾನ್ ಸೀಮೆನ್ಸ್ 20,000 ಮಾರ್ಕ್ ಕೊಟ್ಟು ಬರ್ಲಿನ್‌ಗಾಗಿ ಉಳಿಸಿದ. ಈವರೆಗೆ ದೊರೆತಿರುವ ಅಸ್ಥಿಪಂಜರಗಳು ಹನ್ನೆರಡಕ್ಕಿಂತ ಹೆಚ್ಚು, ಎಲ್ಲವೂ ಇದೇ ಸೀಮೆಯವು. ಸೋಲ್ನ್‌ಹೋಫನ್ ಮ್ಯೂಸಿಯಂನಲ್ಲೂ ಒಂದಿದೆ. ಕೈಯಿಂದ ಸೀಳದೆ ಯಂತ್ರಕ್ಕೆ ಸುರಿದಿದ್ದರೆ ಅವೆಲ್ಲ ಪುಡಿಯಾಗಿ ಯಾವುದೋ ಗೋಡೆಯ ಗಾರೆ ಸೇರುತ್ತಿದ್ದವು.

ಸತುವಿನ, ಅಲ್ಯೂಮಿನಿಯಂನ ತಗಡುಗಳೂ 20ನೇ ಶತಮಾನದ ಆಫ್‌ಸೆಟ್ ಯಂತ್ರವೂ ಅಚ್ಚಿನ ಕಲ್ಲಿನ ವ್ಯಾಪಾರವನ್ನು ಕೊನೆಗಾಣಿಸಿದವು. ಆಫ್‌ಸೆಟ್ ನಡೆಯುವುದೂ ಎಣ್ಣೆ-ನೀರಿನ ಅದೇ ವೈರದ ಮೇಲೆ. ಊರು ಈಗ ನೆಲಕ್ಕೆ, ಗೋಡೆಗೆ ಹಾಸುಗಲ್ಲು ಕತ್ತರಿಸುತ್ತದೆ. ಸಿಮೆಂಟ್ ಕಾರ್ಖಾನೆಯಿದೆ. ಸುತ್ತಿಗೆ-ಉಳಿ ಬಾಡಿಗೆಗೆ ಪಡೆದು ಪಳೆಯುಳಿಕೆ ಹುಡುಕುವವರಿಗೆ ಬಿಟ್ಟ ಗಣಿಯೂ ಇದೆ. ಅಲ್ಲಿ ಹೆಚ್ಚಾಗಿ ಸಿಗುವುದು ಸಾಕೋಕೋಮಾ ಎಂಬ, ನಕ್ಷತ್ರದಂತೆ ತೋಳು ಚಾಚಿದ ಕಡಲಜೀವಿ.

ದೊಡ್ಡ ಅಳತೆಯ, ಕಲೆಯಿಲ್ಲದ ಬೂದು ಕಲ್ಲು ಈಗ ಅಪರೂಪ. ಕಲ್ಲಚ್ಚು ಮಾಡುವ ಕಲಾವಿದರು ಮುಚ್ಚಿಹೋದ ಮುದ್ರಣಾಲಯಗಳ ಹಳೆಯ ಕಲ್ಲುಗಳನ್ನೇ ಹುಡುಕಿ ಕೊಳ್ಳುತ್ತಾರೆ. ಹಳೆಯ ಲೇಬಲ್ಲೋ ನಕ್ಷೆಯೋ ಇದ್ದರೆ ಉಜ್ಜಿ ತೆಗೆದು ಹೊಸದನ್ನು ಬರೆಯುತ್ತಾರೆ. ಸರಿಯಾಗಿ ಉಜ್ಜದಿದ್ದರೆ ಒಳಗೆ ಇಳಿದ ಕೊಬ್ಬು ಮತ್ತೆ ಶಾಯಿ ಹಿಡಿದು, ನೂರು ವರ್ಷ ಹಿಂದಿನ ಅಕ್ಷರ ಹೊಸ ಚಿತ್ರದ ನಡುವೆ ಮಸುಕಾಗಿ ಮೂಡುತ್ತದೆ. ಪ್ರತಿ ಉಜ್ಜಿಗೂ ಕಲ್ಲು ಕೊಂಚ ಸವೆಯುತ್ತದೆ. ಪ್ರೆಸ್ಸಿನ ಒತ್ತಡ ತಡೆಯದಷ್ಟು ತೆಳುವಾದಾಗ ಅದರ ಬೆನ್ನಿಗೆ ಸಾಧಾರಣ ಕಲ್ಲಿನ ಇನ್ನೊಂದು ಚಪ್ಪಡಿ ಅಂಟಿಸಿ, ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ.